ಏಕಾದಶಿಯ ಹೊಟ್ಟೆನೋವು

ನನಗೊಂದು ಕೆಟ್ಟ ಚಾಳಿ ಇದೆ. ನಗಬಾರದ ಕಡೆ ನಗು ಬರುತ್ತದೆ, ಬಂದ ಮೇಲೆ ನಿಲ್ಲುವುದಿಲ್ಲ. ನನ್ನ ಮದುವೆಯಲ್ಲಿ ಅಕ್ಕಿಕಾಳು ಹಾಕುವ ಹೊತ್ತಿಗೆ ಅಯ್ಯನವರ ಕನ್ನಡಕದ ಮೇಲೆ ಒಂದು ಕಾಳು ಕೂತಿತೆಂದು ಎಷ್ಟು ನಕ್ಕೆನೆಂದರೆ, ನಮ್ಮ ಅತ್ತೆ ಭೀಮವ್ವ ಇವತ್ತಿಗೂ ಬಂದವರಿಗೆಲ್ಲ ಅದನ್ನು ಹೇಳುತ್ತಾರೆ. ಆದರೆ ಹೋದ ಶ್ರಾವಣದಲ್ಲಿ ನಮ್ಮ ರೊಟ್ಟಿ ಅಂಗಡಿಯಲ್ಲಿ ನಕ್ಕದ್ದಕ್ಕೆ ನನ್ನನ್ನು ಯಾರೂ ಬೈಯುವಂತಿಲ್ಲ. ಒಬ್ಬ ಹುಡುಗನ ಕೆಲಸ, ಮದುವೆ ಎರಡೂ ತೂಗಾಡುತ್ತಿದ್ದವು, ಅದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ ನಕ್ಕೆ. ನನ್ನ ಜಾಗದಲ್ಲಿ ನೀವಿದ್ದರೂ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಿರಿ.

ನಮ್ಮ ಅಂಗಡಿ ಕೋಥರೂಡದಲ್ಲಿದೆ, ಒಂದು ಸೊಸೈಟಿಯ ಕೆಳಗೆ, ರಸ್ತೆಗೆ ಮುಖ ಮಾಡಿಕೊಂಡು. ಮುಂದೆ ಕೌಂಟರು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ. ಹಿಂದಿನ ಕೋಣೆಯಲ್ಲಿ ಹಂಚುಗಳು, ಗೋಡೆಗೆ ಒಟ್ಟಿದ ಹಿಟ್ಟಿನ ಚೀಲಗಳು. ನಮ್ಮ ಮಾವ ಬೈಲಹೊಂಗಲದಿಂದ ಪುಣೆಗೆ ಬಂದು ಕಾಳಿನ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಅತ್ತೆ ಮನೆಯಲ್ಲೇ ರೊಟ್ಟಿ ಬಡಿದು ಮಾರಲು ಶುರು ಮಾಡಿದರು. ನಮ್ಮವರು, ಅಂದರೆ ನನ್ನ ಗಂಡ ಬಸವಪ್ರಭು, ಅದನ್ನು ಅಂಗಡಿ ಮಾಡಿದರು.

ನಮ್ಮವರು ಒಳ್ಳೆಯವರೇ. ಸಿಟ್ಟು ಜಾಸ್ತಿ, ಹಟ ಅದಕ್ಕಿಂತ ಜಾಸ್ತಿ. ಕೆಲವು ವರ್ಷಗಳ ಹಿಂದೆ ಗಣಪತಿ ಹಬ್ಬದಲ್ಲಿ ಒಂದು ಮಂಡಳದ ಊಟದ ದೊಡ್ಡ ಆರ್ಡರು ಬಂದಿತ್ತು. ಅದೇ ದಿನ ನಮ್ಮಲ್ಲಿದ್ದ ಇಲ್ಲಿನ ಹುಡುಗರೆಲ್ಲ ಸೊಂಟಕ್ಕೆ ಢೋಲು ಕಟ್ಟಿಕೊಂಡು ಮೆರವಣಿಗೆಗೆ ಹೋಗಿಬಿಟ್ಟರು. ಕೊನೆಗೆ ನಮ್ಮವರೇ ಹಿಟ್ಟು ನಾದುವ ಪರಾತದ ಮುಂದೆ ಕೂತರು. ಅವರು ಬಡಿದ ರೊಟ್ಟಿ ಒಂದೂ ದುಂಡಗಿರಲಿಲ್ಲ. ಅತ್ತೆ ಒಂದನ್ನು ಎತ್ತಿ ಹಿಡಿದು, "ಶೈಲಾ, ಇಲ್ಲಿ ನೋಡ, ಸೊಲ್ಲಾಪುರ ಜಿಲ್ಲಾ" ಎಂದರು. ನಾನು ನಕ್ಕೆ. ಆ ನಗು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಅಂದಿನಿಂದ ಅವರದೊಂದು ಕಾಯಿದೆ. ಕೆಲಸ ಕೇಳಿಕೊಂಡು ಯಾರೇ ಬರಲಿ, ಹೊಸ್ತಿಲ ಆಚೆಯೇ ನಿಲ್ಲಿಸಿ, ಮೊಬೈಲಿನಿಂದ ತಲೆ ಎತ್ತದೆ ಒಂದೇ ಪ್ರಶ್ನೆ: "ಯಾವೂರು?" ಸಾತಾರಾ ಎಂದರೆ ಕೈ ಮುಗಿಯುತ್ತಿದ್ದರು. ಸಾಂಗಲಿ ಎಂದರೆ ಕೈ ಮುಗಿಯುತ್ತಿದ್ದರು. ಬಿಹಾರ ಎಂದರೆ ಒಳಗೆ ಬಾ ಎನ್ನುತ್ತಿದ್ದರು.

"ಬಸ್ಸಿನ್ಯಾಗ ಊರಿಗೆ ಹೋಗಾಂವ ನಮಗ ಬ್ಯಾಡ," ಎಂದು ನನಗೆ ಬೋಧನೆ ಮಾಡಿದರು. "ಜಾತ್ರಿ ಅಂತಾನ, ಮಾವಶಿ ಮಗಳ ಲಗ್ನ ಅಂತಾನ, ಎಮ್ಮಿ ಕರು ಹಾಕೇದ ಅಂತಾನ. ರೈಲಿನ್ಯಾಗ ಹೋಗಾಂವ ಬೇಕು, ಅದೂ ನಡುವ ಒಂದ್ ರಾತ್ರಿ ಕಳೀಬೇಕು."

"ನೀವು ಬೈಲಹೊಂಗಲಕ್ಕ ಯಾತರಾಗ ಹೋಗ್ತೀರಿ?" ಎಂದು ಕೇಳಿದೆ.

"ಬಸ್ಸಿನ್ಯಾಗ."

"ಹಂಗಾರ ನಿಮಗೂ ಇಲ್ಲೆ ಕೆಲಸ ಸಿಗಂಗಿಲ್ಲ ಬಿಡ್ರಿ."

ಅವರು ಎದ್ದು ಹೋಗಿ ತಿರುಗುತ್ತಿದ್ದ ಫ್ಯಾನಿನ ಸ್ವಿಚ್ಚನ್ನು ಸುಮ್ಮನೆ ಒಮ್ಮೆ ಆರಿಸಿ ಮತ್ತೆ ಹಾಕಿದರು.

ಇನ್ನು ನಮ್ಮ ರಸ್ತೆಯ ಪ್ರಲ್ಹಾದರಾವ್. ಮೂಲ ಇದೇ ಪುಣೆ ಜಿಲ್ಲೆಯ ಇಂದಾಪುರದವರು, ಕೋಥರೂಡಕ್ಕೆ ಬಂದು ಕೂದಲು ಬೆಳ್ಳಗಾಗಿದೆ. ಸ್ಥಾನಿಕ ರೋಜಗಾರ ಸಮಿತಿ ಎಂದೊಂದು ಕಟ್ಟಿಕೊಂಡಿದ್ದರು. ಹೊರಗಿನವರನ್ನು ಇಟ್ಟುಕೊಂಡ ಅಂಗಡಿಗಳ ಮುಂದೆ ನಿಂತು ಘೋಷಣೆ ಕೂಗುವುದು, ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದು, ಇಲ್ಲಿನವರನ್ನು ಇಟ್ಟುಕೊಂಡ ಅಂಗಡಿಗೆ ಕೇಸರಿ ಬಣ್ಣದ ಸ್ಟಿಕರ್ ಅಂಟಿಸುವುದು, ಇದು ಸಮಿತಿಯ ಕೆಲಸ. ಸಮಿತಿಯ ಸಭೆ ನಡೆಯುತ್ತಿದ್ದುದು ಒಬ್ಬ ರಾಜಸ್ಥಾನಿಯ ಚಹಾದಂಗಡಿಯಲ್ಲಿ. ಅದನ್ನು ನಾನು ಒಮ್ಮೆ ನೆನಪಿಸಿದಾಗ, "ವಹಿನಿ, ಚಹಾದ ಮಾತು ಬೇರೆ" ಎಂದರು.

ಆದರೂ ಅವರ ಮಾತಿನಲ್ಲಿ ಸುಳ್ಳಿತ್ತು ಎನ್ನಲಾರೆ. ಐಟಿಐ ಮುಗಿಸಿದ ಹುಡುಗರು ತಳೇಗಾಂವದ ಕಾರ್ಖಾನೆಗಳ ಗೇಟಿನಿಂದ ಗೇಟಿಗೆ ಅಲೆಯುವುದನ್ನು ನಾನೂ ನೋಡಿದ್ದೇನೆ. ಗುತ್ತಿಗೆದಾರರಿಗೆ ದೂರದವನೇ ಬೇಕು; ಅವನು ರಜೆ ಕೇಳುವುದಿಲ್ಲ, ಎದುರು ಮಾತಾಡುವುದಿಲ್ಲ. ಪ್ರಲ್ಹಾದರಾವ್ ಪ್ರತಿ ಭಾಷಣದ ಕೊನೆಗೆ ದನಿ ನಡುಗಿಸಿ ಹೇಳುತ್ತಿದ್ದರು: "ನನ್ನ ಸ್ವಂತ ತಂಗಿಯ ಮಗ, ಐಟಿಐ ಪಾಸಾದವನು, ಇಂದಾಪುರದಲ್ಲಿ ಹುಣಸೆ ಮರದ ಕೆಳಗೆ ಸುಮ್ಮನೆ ಕೂತಿದ್ದಾನೆ." ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ನನ್ನದೂ ಆಗಿತ್ತು.

ನಮ್ಮಲ್ಲಿ ಹಂಚಿನ ಮುಂದೆ ಇದ್ದವನು ಮೋತಿಹಾರಿಯ ರಾಮಪ್ರವೇಶ. ಕೋಥರೂಡಕ್ಕೆ ಬಂದು ಎಷ್ಟೋ ವರ್ಷ ಆಗಿತ್ತು; ಮರಾಠಿಯಲ್ಲಿ ಜಗಳ ಆಡುವಷ್ಟು ಪಳಗಿದ್ದ. ಒಂದು ದಿನ ಅವನು, "ನಮ್ಮ ಊರಿನ ಹುಡುಗ" ಎಂದು ಮುನ್ನಾನನ್ನು ಕರೆತಂದ. ನಮ್ಮವರು ಮೊಬೈಲು ನೋಡುತ್ತಲೇ ಯಾವೂರು ಎಂದರು, ಹುಡುಗ ಮೋತಿಹಾರಿ ಎಂದ, ಕೆಲಸ ಆಯಿತು. ಆಧಾರ್ ಕಾರ್ಡು ಊರಲ್ಲಿದೆ ಎಂದ. ಅದು ಊರಲ್ಲೇ ಉಳಿಯಿತು.

ಮುನ್ನಾ ಚಿನ್ನದಂಥ ಹುಡುಗ. ಕೌಂಟರಿನಲ್ಲಿ ನಿಂತು ಹಿಂದಿಯಲ್ಲಿ ಮಾತಾಡಿಸಿದರೆ ಗಿರಾಕಿಗಳು ಒಂದು ಡಜನ್ ರೊಟ್ಟಿ ಕೇಳಲು ಬಂದು ಎರಡು ಡಜನ್ ಒಯ್ಯುತ್ತಿದ್ದರು. ರಜೆ ಎಂಬ ಶಬ್ದ ಅವನ ಬಾಯಲ್ಲಿ ಬರಲಿಲ್ಲ. ಅವನಿಗಿದ್ದ ದೋಷ ಎರಡೇ. ಒಂದು, ಪ್ರಲ್ಹಾದರಾವ್ ಅವರ ಸ್ಕೂಟರು ರಸ್ತೆಯ ತಿರುವಿನಲ್ಲಿ ಕಂಡರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಹಿಟ್ಟಿನ ಚೀಲಗಳ ಹಿಂದೆ ಹೋಗಿ ಕೂತುಬಿಡುತ್ತಿದ್ದ. ರೊಟ್ಟಿ ನಾನೇ ಕೊಡಬೇಕಾಗುತ್ತಿತ್ತು.

"ಪಾಪ, ಪರದೇಶಿ ಹುಡುಗ, ಸಮಿತಿಯವ್ರಿಗೆ ಹೆದರ್ತಾನ," ಎಂದು ನಮ್ಮವರು ಮರುಗುತ್ತಿದ್ದರು. ಮರುಗಿ ಮರುಗಿ ಅವನ ಮೇಲೆ ಎಷ್ಟು ಮಮತೆ ಬೆಳೆಯಿತೆಂದರೆ, ತಳೇಗಾಂವ ದಾಭಾಡೆಯಲ್ಲಿ ತೆರೆಯಲಿದ್ದ ಎರಡನೆಯ ಅಂಗಡಿಯನ್ನು ಮುನ್ನಾನೇ ನೋಡಿಕೊಳ್ಳಲಿ ಎಂದು ಠರಾಯಿಸಿದರು. ಅಂಗಡಿಯ ಮೇಲೆ ಒಂದು ಕೋಣೆಯೂ ಇತ್ತು, ಸಂಸಾರ ಹೂಡುವಂಥದ್ದು.

ಎರಡನೆಯ ದೋಷ, ಹೊಟ್ಟೆನೋವು. ಮಧ್ಯಾಹ್ನ ಎಲ್ಲರೂ ಅಂಗಡಿಯಲ್ಲೇ ಉಣ್ಣುತ್ತೇವೆ. ಆಗಾಗ ಒಂದು ದಿನ ಮುನ್ನಾ ತಟ್ಟೆ ಮುಟ್ಟುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದ, ಒಂದು ಹಿಡಿ ಶೇಂಗಾ ತಿನ್ನುತ್ತಿದ್ದ, ಹೊಟ್ಟೆ ಹಿಡಿದುಕೊಂಡು ಮತ್ತೆ ಕೌಂಟರಿಗೆ. ನಾನು ಅಜವಾನದ ಕಷಾಯ ಕೊಟ್ಟೆ. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೋಣೆಯೆಲ್ಲ ಘಾಟಾಗಿ ಗಿರಾಕಿಗಳು ಕೆಮ್ಮುತ್ತ ಓಡಿದರು. ಹೊಟ್ಟೆನೋವು ಮಾತ್ರ ಕೆಲವು ದಿನ ಕಳೆದು ಮತ್ತೆ ಬಂತು. ಪಕ್ಕದಲ್ಲೇ ಅವನ ಊರಿನವನೆಂಬ ರಾಮಪ್ರವೇಶ ಗುಡ್ಡದಷ್ಟು ಅನ್ನ ಕಲಸಿಕೊಂಡು ನಿಶ್ಚಿಂತೆಯಿಂದ ಉಣ್ಣುತ್ತಿದ್ದ.

ಒಂದು ದಿನ ಹಾಲಿನವನ ಬಾಬತ್ತು ನೋಡಲು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದೆ. ಅವತ್ತು ಮುನ್ನಾನಿಗೆ ಹೊಟ್ಟೆನೋವಿತ್ತು. ಅವತ್ತಿನ ಚೌಕದಲ್ಲಿ ಏಕಾದಶಿ ಎಂದಿತ್ತು. ನಾವು ಬಸವಣ್ಣನವರ ಕಡೆಯವರು, ನಮ್ಮ ಮನೆಯಲ್ಲಿ ಏಕಾದಶಿಯ ಗೊಡವೆ ಇಲ್ಲ. ಆದರೆ ಹಿಂದಿನ ಹಾಳೆ ತಿರುವಿ ನೋಡಿದೆ. ಅವನಿಗೆ ಹೊಟ್ಟೆ ನೊಂದ ದಿನಗಳೆಲ್ಲ ನನಗೆ ನೆನಪಿದ್ದವು, ಕಷಾಯ ಮಾಡಿದವಳು ನಾನಲ್ಲವೇ. ಅವೆಲ್ಲವೂ ಏಕಾದಶಿಗಳು.

ಮುಂದಿನ ಏಕಾದಶಿಗೆ ನಾನು ಬಾಯಿ ಬಿಡದೆ ಸಾಬುದಾಣೆ ಖಿಚಡಿ ಮಾಡಿದೆ. ನಮ್ಮವರು ಮಾರ್ಕೆಟ್ ಯಾರ್ಡಿಗೆ ಹೋಗಿದ್ದರು. ಹೊಟ್ಟೆ ಹಿಡಿದುಕೊಂಡು ಕೂತಿದ್ದ ಮುನ್ನಾನ ಮುಂದೆ ಒಂದು ತಟ್ಟೆ ಇಟ್ಟೆ. ಖಾಲಿಯಾಯಿತು. ಇನ್ನೊಂದು ತಟ್ಟೆ ಕೊಟ್ಟೆ. ಅದೂ ಖಾಲಿಯಾಯಿತು. ಬೆರಳು ನೆಕ್ಕುತ್ತ ತನ್ನ ಲಹರಿಯಲ್ಲಿ ಅಂದ: "ಭಾಬಿ, ಕೂಟ ಸ್ವಲ್ಪ ಕಡಿಮೆ ಆಯಿತು."

ಶೇಂಗಾ ಪುಡಿಗೆ ಕೂಟ ಎನ್ನುವುದು ಮರಾಠಿ ಅಡುಗೆಮನೆಯಲ್ಲಿ. ನಾನು ಅವನ ಎದುರು ಕೂತು ಮರಾಠಿಯಲ್ಲೇ ಕೇಳಿದೆ, "ನಿಮ್ಮ ಮೋತಿಹಾರಿಯಲ್ಲಿ ಎಷ್ಟು ಕೂಟ ಹಾಕುತ್ತಾರಪ್ಪ?"

ಅವನ ಬೆರಳು ಬಾಯಲ್ಲೇ ಉಳಿಯಿತು. ಹಂಚಿನ ಮುಂದೆ ರಾಮಪ್ರವೇಶ ಗೋಡೆಯ ಕಡೆ ತಿರುಗಿದ. ಅವನ ಬೆನ್ನು ನಗುವಿನಿಂದ ಕುಲುಕುತ್ತಿತ್ತು. ನಾನಂತೂ ಆಗಲೇ ನಗುವಿನ ಕೈಗೆ ಸಿಕ್ಕಿಬಿದ್ದಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಕ್ಕು ಮುಗಿದ ಮೇಲೆ ಹುಡುಗ ಎಲ್ಲ ಹೇಳಿದ. ಹೆಸರು ಋಷಿಕೇಶ. ಊರು ಇಂದಾಪುರ. ಅಜ್ಜಿ ರಂಗೂಬಾಯಿ ಕೊರಳಲ್ಲಿ ತುಳಸಿಮಾಲೆ ಹಾಕಿದವಳು. ಪುಣೆಗೆ ಹೊರಟ ಮೊಮ್ಮಗನಿಂದ ಏಕಾದಶಿ ಬಿಡುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಮೊದಲು ಅವನು ನಮ್ಮ ಅಂಗಡಿಗೆ ತನ್ನ ಹೆಸರಿನಲ್ಲೇ ಬಂದಿದ್ದ. ನಮ್ಮವರು ಊರು ಕೇಳಿ ಕೈ ಮುಗಿದಿದ್ದರು. ಹೊರಗೆ ಮೋರೆ ಇಳಿಬಿಟ್ಟು ನಿಂತಿದ್ದಾಗ ಚಹಾಕ್ಕೆ ಬಂದ ರಾಮಪ್ರವೇಶ, "ಎರಡು ತಿಂಗಳು ಬಿಟ್ಟು ಬಾ, ಮೀಸೆ ಬೋಳಿಸು, ಮೋತಿಹಾರಿ ಅನ್ನು" ಎಂದು ಗುಟ್ಟು ಹೇಳಿಕೊಟ್ಟಿದ್ದ. ವಾರಕ್ಕೊಮ್ಮೆ ಅಂಗಡಿ ಮುಚ್ಚುವ ದಿನ ಇಬ್ಬರೂ "ಹಡಪಸರದ ನೆಂಟರ ಮನೆಗೆ" ಎಂದು ಹೋಗುತ್ತಿದ್ದರಲ್ಲ, ಅದು ಇಂದಾಪುರದ ಬಸ್ಸು.

"ಪ್ರಲ್ಹಾದರಾವ್ ಕಂಡರೆ ಯಾಕೆ ಬಚ್ಚಿಟ್ಟುಕೊಳ್ಳುತ್ತೀ?"

ರಾಮಪ್ರವೇಶ ನೀರು ತರಲು ಹೋಗುವವರೆಗೆ ಅವನು ಕಾದ. ಆಮೇಲೆ ಪಿಸುಗುಟ್ಟಿದ: "ಅವರು ನನ್ನ ಮಾಮಾ. ಹುಣಸೆ ಮರದ ಕೆಳಗೆ ಕೂತಿರುವವನು ನಾನೇ, ಭಾಬಿ. ರಾಮಪ್ರವೇಶನಿಗೆ ಮಾತ್ರ ಹೇಳಬೇಡಿ. ಅವನನ್ನು ಓಡಿಸಬೇಕೆಂದು ಕೂಗುವವನು ನನ್ನ ಮಾಮಾ ಅಂತ ಯಾವ ಬಾಯಿಂದ ಹೇಳಲಿ?"

ನನಗೆ ಮತ್ತೆ ನಗು ಬಂತು, ಆದರೆ ಈ ಸಲ ಪೂರ್ತಿ ಬರಲಿಲ್ಲ. ಯಾಕೆಂದರೆ ನೀಲಿಮಾಳ ಮಾತು ಬಂತು. ಅವಳು ಇಂದಾಪುರದಲ್ಲಿ ಅವನ ಜೊತೆ ಓದಿದವಳು. ಮದುವೆಗೆ ಅವಳ ಅಪ್ಪ ಒಪ್ಪಿದ್ದರು, ಒಂದು ಷರತ್ತಿನ ಮೇಲೆ: ಹುಡುಗ ಎಲ್ಲಿ, ಏನು ಕೆಲಸ ಮಾಡುತ್ತಾನೆಂದು ಕಣ್ಣಾರೆ ನೋಡಬೇಕು. ಗಣಪತಿ ಕೂರುವುದರೊಳಗೆ ಬರುತ್ತೇನೆ, ಇಲ್ಲವಾದರೆ ಬಾರಾಮತಿಯ ಸಂಬಂಧ ಗಟ್ಟಿ ಮಾಡುತ್ತೇನೆ ಎಂದಿದ್ದರು. ಮಾವನಾಗುವವರು ಬಂದು ನಿಂತಾಗ ಶೇಠ್‌ಜಿ, ಅಂದರೆ ನಮ್ಮವರು, ಅವನನ್ನು ಮುನ್ನಾ ಎಂದು ಕರೆದರೆ ಏನು ಗತಿ? ನಿಜ ಹೇಳಿದರೆ ನಮ್ಮವರು ಹೊರಗೆ ಹಾಕುತ್ತಾರೆ, ಹೇಳದಿದ್ದರೆ ನೀಲಿಮಾ ಹೋಗುತ್ತಾಳೆ. ಬಿಹಾರಿ ಎಂದುಕೊಂಡೇ ಇದ್ದರೆ ಸ್ವಂತ ಮಾಮಾನೇ ಓಡಿಸುತ್ತಾನೆ.

"ನಾನು ಶೇಠ್‌ಗೆ ಹೇಳ್ತೀನಿ. ಒಳ್ಳೆ ಹೊತ್ತು ನೋಡಿ ಹೇಳ್ತೀನಿ," ಎಂದು ಮಾತು ಕೊಟ್ಟೆ. ನಮ್ಮವರಿಗೆ ಒಳ್ಳೆಯ ಹೊತ್ತು ಎಂಬುದು ಅಪರೂಪ. ಒಂದು ದಿನ ಗ್ಯಾಸು ಮುಗಿದಿರುತ್ತಿತ್ತು, ಒಂದು ದಿನ ನೆತ್ತಿಗೆ ಪಿತ್ತ ಏರಿರುತ್ತಿತ್ತು. ಹೀಗೆ ಶ್ರಾವಣ ಬಂತು, ಗಣಪತಿ ಹತ್ತಿರವಾಯಿತು.

ಒಂದು ಸಂಜೆ ಪ್ರಲ್ಹಾದರಾವ್ ರೊಟ್ಟಿ ಕಟ್ಟಿಸಿಕೊಳ್ಳುತ್ತ, "ವಹಿನಿ, ನಾಳೆ ಸಮಿತಿ ನಿಮ್ಮ ಅಂಗಡಿಗೆ ಬರುತ್ತದೆ. ಒಳಗೆ ಯಾರು ಯಾರು ಕೆಲಸ ಮಾಡುತ್ತಾರೆ ನೋಡಬೇಕು. ನಿಮ್ಮದಾದ್ದರಿಂದ ಮೊದಲೇ ಹೇಳುತ್ತಿದ್ದೇನೆ" ಎಂದು ಹೋದರು. ನಮ್ಮವರಿಗೆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವರ ತಲೆಯಲ್ಲಿ ಒಂದು ಯೋಜನೆ ತಯಾರಾಗಿತ್ತು.

"ರಾಮಪ್ರವೇಶಗ ಮರಾಠಿ ಬರ್ತದ. ಅಂವ ಇವತ್ತ ರಾಮಭಾವು. ಅಪ್ಪನ ಹಳೇ ಟೊಪಗಿ ಹಾಕೋಲಿ. ಮುನ್ನಾಗ ಪಾಪ ಒಂದ್ ಅಕ್ಷರ ಮರಾಠಿ ಬರಂಗಿಲ್ಲ, ಅಂವ ಚೀಲದ ಹಿಂದ ಕುಂದ್ರಲಿ. ಕೆಮ್ಮಬಾರದು ಅಂತ ಹೇಳು."

"ಅಲ್ರೀ, ಮುನ್ನಾನ ಬಗ್ಗೆ ನಿಮಗ ಒಂದ್ ಮಾತು..." ಎಂದೆ.

"ಅಂವಗ ಹೆದರಬ್ಯಾಡ ಅನ್ನು, ನಾ ಅದೀನಿ," ಎಂದು ಟೊಪ್ಪಿಗೆ ಹುಡುಕಲು ಓಡಿದರು.

ಇಲ್ಲಿನ ಹುಡುಗ ಹೊರಗಿನವನಾಗಿ ಚೀಲದ ಹಿಂದೆ, ಹೊರಗಿನವನು ಇಲ್ಲಿನವನಾಗಿ ಟೊಪ್ಪಿಗೆ ಹಾಕಿಕೊಂಡು ಹಂಚಿನ ಮುಂದೆ. ಟೊಪ್ಪಿಗೆ ರಾಮಪ್ರವೇಶನ ಕಿವಿಯವರೆಗೆ ಇಳಿದಿತ್ತು. ನಾನು ಸೆರಗಿನ ತುದಿಯನ್ನು ಆಗಲೇ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ.

ಪ್ರಲ್ಹಾದರಾವ್ ಮೂರ್ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಒಬ್ಬ ಮೊಬೈಲು ಎತ್ತಿ ಚಿತ್ರ ತೆಗೆಯುತ್ತಿದ್ದ. ಅತ್ತೆ ಮಾತ್ರ ಯಾರನ್ನೂ ನೋಡದೆ ರೊಟ್ಟಿ ಬಡಿಯುತ್ತಿದ್ದರು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಹೆಸರು?"

"ರಾಮಭಾವು."

"ಊರು?"

ಯಾವುದಾದರೂ ಒಂದು ಊರು ಹೇಳು ಎಂದು ನಮ್ಮವರು ಅವನಿಗೆ ಬಿಟ್ಟಿದ್ದರು. ರಾಮಪ್ರವೇಶನಿಗೆ ಈ ಕಡೆ ಪುಣೆ ಬಿಟ್ಟರೆ ಗೊತ್ತಿದ್ದ ಊರು ಒಂದೇ. ಎದೆ ಉಬ್ಬಿಸಿ ಹೇಳಿದ: "ಇಂದಾಪುರ."

ಚೀಲದ ಹಿಂದೆ ಏನೋ ಧೊಪ್ಪೆಂದಿತು. "ಇಲಿ," ಎಂದೆ ನಾನು.

ಪ್ರಲ್ಹಾದರಾವ್ ಅವರ ಮುಖ ಅರಳಿತು. "ಅರೇ, ನಮ್ಮ ಊರಿನವನೇ! ಇಂದಾಪುರದಲ್ಲಿ ಎಲ್ಲಿ?"

"ಎಸ್‌ಟಿ ಸ್ಟ್ಯಾಂಡಿನ ಹಿಂದೆ. ಕಬ್ಬಿನ ಹಾಲಿನ ಅಂಗಡಿ ದಾಟಿದರೆ ಹುಣಸೆ ಮರದ ಮನೆ."

"ಹುಣಸೆ ಮರದ ಮನೆ," ಎಂದರು ಪ್ರಲ್ಹಾದರಾವ್, ಸ್ವಲ್ಪ ನಿಧಾನವಾಗಿ. "ಮನೆಯಲ್ಲಿ ಯಾರಿದ್ದಾರೆ?"

"ಅಜ್ಜಿ. ರಂಗೂಬಾಯಿ. ಭಾರಿ ಜೋರು. ಎಮ್ಮೆಯ ಹೆಸರು ಚಂದ್ರಾ. ಭಾಕ್ರಿ ಬಿಟ್ಟು ಎದ್ದರೆ ಬೆನ್ನಿಗೊಂದು ಗುದ್ದು ಬೀಳುತ್ತದೆ. ಅವಳಿಗೊಬ್ಬ ಮಗನೂ ಇದ್ದಾನೆ, ಇಲ್ಲೇ ಪುಣೆಯಲ್ಲಿ, ದೊಡ್ಡ ಮನುಷ್ಯನಂತೆ. ನಾನು ನೋಡಿಲ್ಲ. ಅವನು ಊರಿಗೆ ಬರುವುದೇ ಇಲ್ಲ."

ನಾನು ಪರಾತದ ಕಡೆ ತಿರುಗಿ ಕೂತೆ. ನನ್ನ ಭುಜ ಕುಣಿಯುತ್ತಿತ್ತು. ಅತ್ತೆ ಮೊಣಕೈಯಿಂದ ತಿವಿದರು, ಆದರೆ ಅವರ ಬಾಯಿಯ ತುದಿಯೂ ಸೊಟ್ಟಗಾಗಿತ್ತು. ನಮ್ಮವರಿಗೆ ಏನೂ ತಿಳಿಯದೆ, ರಾಮಭಾವು ಎಷ್ಟು ಚೆನ್ನಾಗಿ ಹೇಳುತ್ತಾನೆಂದು ಹೆಮ್ಮೆಯಿಂದ ಎಲ್ಲರನ್ನೂ ನೋಡುತ್ತಿದ್ದರು.

"ಅದು ನನ್ನ ತಾಯಿ," ಎಂದರು ಪ್ರಲ್ಹಾದರಾವ್.

ರಾಮಪ್ರವೇಶ ಟೊಪ್ಪಿಗೆ ಮೇಲಕ್ಕೆ ತಳ್ಳಿ ಅವರ ಮುಖವನ್ನು ಸರಿಯಾಗಿ ನೋಡಿದ. ಮೂಗು ಅಜ್ಜಿಯದೇ ಎಂದು ಅವನಿಗೆ ಆಗ ಹೊಳೆಯಿತಂತೆ.

ಪ್ರಲ್ಹಾದರಾವ್ ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದರು. ಸುಳ್ಳು ಹಿಡಿಯುವ ಹುರುಪಿನಲ್ಲಿ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಆಯೀ, ನಾನು ಪ್ರಲ್ಹಾದ."

"ಯಾವ ಪ್ರಲ್ಹಾದ?" ಎಂದಿತು ಫೋನು.

ಸಮಿತಿಯವರಲ್ಲೊಬ್ಬ ಕೆಮ್ಮಿದ. ಪ್ರಲ್ಹಾದರಾವ್ ಗಂಟಲು ಸರಿಮಾಡಿಕೊಂಡರು. "ನಿನ್ನ ಮಗ, ಆಯೀ. ಇಲ್ಲೊಬ್ಬ ಕೋಥರೂಡದ ರೊಟ್ಟಿ ಅಂಗಡಿಯಲ್ಲಿ ತಾನು ನಮ್ಮ ಮನೆಯವನು ಅನ್ನುತ್ತಾನೆ. ರಾಮ ಅಂತ."

"ನಮ್ಮ ರಾಮಪ್ರವೇಶನೇ? ಉಂಡನೋ ಇಲ್ಲವೋ? ಹೋದ ವಾರ ಮೇಲೆ ಹತ್ತಿ ತಗಡು ಸರಿಮಾಡಿ ಹೋದ, ಈಗ ಒಂದು ಹನಿ ಸೋರುವುದಿಲ್ಲ. ನೀನು ಬರುತ್ತೀ ಅಂತ ಮೂರು ಮಳೆಗಾಲ ಸೋರುವ ಕಡೆ ಪಾತ್ರೆ ಇಟ್ಟುಕೊಂಡು ಕೂತಿದ್ದೆ. ಅವನ ಊರು ಎಲ್ಲೋ ಬಿಹಾರವಂತೆ, ರೈಲಿನಲ್ಲಿ ಎಷ್ಟೋ ದೂರ. ಆದರೂ ಬರುತ್ತಾನೆ. ನಿನ್ನ ಪುಣೆ ಅದಕ್ಕಿಂತ ದೂರ ಏನೋ."

ಬಿಹಾರ ಎಂಬ ಶಬ್ದ ಬಿದ್ದದ್ದೇ ತಡ, ಸಮಿತಿಯವರು ಮುಂದೆ ನುಗ್ಗಿದರು. ಮೋಸ, ಮೋಸ ಎಂದು ಕೂಗು. ಮೊಬೈಲಿನವನು ರಾಮಪ್ರವೇಶನ ಮುಖದ ಹತ್ತಿರಕ್ಕೆ ಹೋದ. ಒಬ್ಬ ಅವನ ತಲೆಯಿಂದ ಟೊಪ್ಪಿಗೆ ಕಿತ್ತು, ಇವನನ್ನು ಇವತ್ತೇ ರೈಲು ಹತ್ತಿಸಬೇಕು ಎಂದ. ರಾಮಪ್ರವೇಶ ಹಂಚಿಗೆ ಬೆನ್ನು ಹಚ್ಚುವಷ್ಟು ಹಿಂದೆ ಸರಿದ. ನನ್ನ ನಗು ಪಟ್ಟನೆ ನಿಂತಿತು.

ಆಗ ಚೀಲದ ಹಿಂದಿನಿಂದ ಮುನ್ನಾ ಎದ್ದ. ತಲೆಯಿಂದ ಕಾಲಿನವರೆಗೆ ಹಿಟ್ಟು. ರೆಪ್ಪೆ ಕೂಡ ಬೆಳ್ಳಗಿತ್ತು. "ಮಾಮಾ, ಅವನನ್ನು ಬಿಡಿ," ಎಂದ, ಇಂದಾಪುರದ ಅಚ್ಚ ಮರಾಠಿಯಲ್ಲಿ.

"ಶೈಲಾ," ಎಂದರು ನಮ್ಮವರು ಬೆರಗಿನಿಂದ, "ಮುನ್ನಾಗ ಮರಾಠಿ ಬಂತು."

ಪ್ರಲ್ಹಾದರಾವ್ ಅವರಿಗೆ ಹಿಟ್ಟಿನ ಕೆಳಗಿನ ಮುಖವನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಋಷ್ಯಾ? ನೀನು ಊರಲ್ಲಿ, ಮರದ ಕೆಳಗೆ..."

"ಮರದ ಕೆಳಗಿನಿಂದ ಎದ್ದು ಎಷ್ಟೋ ದಿನ ಆಯಿತು ಮಾಮಾ. ನಿಮ್ಮ ಭಾಷಣದಲ್ಲಿ ಮಾತ್ರ ಇನ್ನೂ ಕೂತಿದ್ದೇನೆ. ಈ ಕೆಲಸ ನನಗೆ ಕೊಡಿಸಿದವನು ಇವನು. ಇವನನ್ನು ರೈಲು ಹತ್ತಿಸುವುದಾದರೆ ನನ್ನನ್ನೂ ಹತ್ತಿಸಿ. ನನ್ನದೂ ಮೋತಿಹಾರಿಯೇ, ಶೇಠ್‌ಜಿಯನ್ನು ಕೇಳಿ."

ಪ್ರಲ್ಹಾದರಾವ್ ಕುಗ್ಗಿದವರಂತೆ ಕಂಡರು, ಆಮೇಲೆ ತಟ್ಟನೆ ತಲೆ ಎತ್ತಿದರು. "ಆದರೆ ನಾನು ಹೇಳಿದ್ದು ಸುಳ್ಳೇ? ನನ್ನ ಸ್ವಂತ ಸೋದರಳಿಯ ತನ್ನ ಜಿಲ್ಲೆಯಲ್ಲಿ ಕೆಲಸ ಹಿಡಿಯಲು ಹೆಸರು ಬಿಡಬೇಕು, ಊರು ಬಿಡಬೇಕು, ಮೀಸೆ ಬೋಳಿಸಬೇಕು. ಇದನ್ನೇ ಅಲ್ಲವೇ ನಾನು ಕೂಗುತ್ತಿರುವುದು? ಹೇಳಿ ಬಸವಪ್ರಭು."

ಎಲ್ಲರ ಕಣ್ಣೂ ನಮ್ಮವರ ಮೇಲೆ ಬಿತ್ತು. ಅವರಿಗೆ ಈಗ ಪೂರ್ತಿ ತಿಳಿದಿತ್ತು. ಸಿಟ್ಟಿನಿಂದ ಕಿವಿ ಕೆಂಪಾಗಿತ್ತು.

"ನನಗ ಸುಳ್ಳು ಹೇಳಿದಿ," ಎಂದರು ಹುಡುಗನಿಗೆ, ಕನ್ನಡದಲ್ಲೇ. ಅವನು ನಮ್ಮಲ್ಲಿದ್ದು ಕನ್ನಡ ಕಲಿತಿದ್ದ. "ಇಷ್ಟು ದಿನ ನನ್ನ ಅನ್ನ ಉಂಡು ಸುಳ್ಳು ಹೇಳಿದಿ."

"ಮೊದಲ ಖರೇನ ಹೇಳಿದ್ನಿರಿ ಶೇಠ್," ಎಂದ ಋಷಿಕೇಶ ಮೆಲ್ಲಗೆ. "ಇದೇ ಬಾಗಲಾಗ ನಿಂತು ಹೇಳಿದ್ನಿ. ನೀವು ನನ್ನ ಮಾರಿ ನೋಡ್ಲಿಲ್ಲ."

ನಮ್ಮವರು ಆ ಬಾಗಿಲ ಕಡೆ ನೋಡಿದರು.

"ಯಾರ್ ಹಚ್ಚಿದ್ರು ಆ ಸುಳ್ಳು?" ಎಂದೆ ನಾನು. ತಡೆಯಲಾಗಲಿಲ್ಲ. "ನಿಮ್ಮ ಕಾಯಿದೆ ಹಚ್ಚಿತು. ಒಂದ್ ದಿನ ರಜಾ ತಗೊಳ್ಳಲಾರದ, ಬರೇ ಹೊಟ್ಟೀಲೆ ನಿಂತು ದುಡದಾನ ಆ ಹುಡುಗ. ಮಾವಾರು ಈ ಊರಿಗೆ ಬಂದಾಗ ಯಾರಾರ ಬಾಗಲಾಗ ನಿಲ್ಲಿಸಿ ಕೈ ಮುಗದಿದ್ರ ಇವತ್ತ ನೀವೆಲ್ಲಿ, ನಾವೆಲ್ಲಿ?"

ಅವರು ಹುಡುಗನಿಗೆ ಬಾಗಿಲು ತೋರಿಸಿದರು. "ಹೊರಗ ನಡಿ."

ಋಷಿಕೇಶ ಒಮ್ಮೆ ನನ್ನ ಮುಖ ನೋಡಿ ಹೊಸ್ತಿಲು ದಾಟಿದ. ಮೆಟ್ಟಿಲ ಮೇಲೆ ಹಿಟ್ಟಿನ ಹೆಜ್ಜೆಗಳು ಮೂಡಿದವು. ತಳೇಗಾಂವ ಹೋಯಿತು, ನೀಲಿಮಾ ಹೋದಳು ಎಂದುಕೊಂಡೆ. ಒಳ್ಳೆಯ ಹೊತ್ತು ಕಾಯುತ್ತ ಕೂತ ನನ್ನ ಮೇಲೇ ನನಗೆ ಸಿಟ್ಟು ಬಂತು. ಕಣ್ಣು ತುಂಬಿತು. ಪ್ರಲ್ಹಾದರಾವ್ ಅವರ ಕೈಯಲ್ಲಿದ್ದ ಫೋನಿನಿಂದ ರಂಗೂಬಾಯಿ, ಹಲೋ ಹಲೋ, ಅಲ್ಲಿ ಏನು ನಡೆದಿದೆ ಎಂದು ಕೇಳುತ್ತಲೇ ಇದ್ದಳು.

ನಮ್ಮವರು ಮೊಬೈಲನ್ನು ಕೌಂಟರಿನ ಮೇಲೆ ಇಟ್ಟರು. ಕೆಲಸಕ್ಕೆ ಬಂದವರನ್ನು ಮಾತಾಡಿಸುವಾಗ ಅವರ ಕೈ ಖಾಲಿಯಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಹೊಸ್ತಿಲಿಗೆ ಹೋಗಿ ನಿಂತರು. ಹುಡುಗನ ಮುಖವನ್ನು ನೋಡಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಹಣೆಯ ಹಿಟ್ಟು ಒರೆಸಿ ಮತ್ತೆ ನೋಡಿದರು.

"ಯಾವೂರು?" ಎಂದರು.

ಋಷಿಕೇಶ ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ಒಳಗಿನಿಂದ ರಾಮಪ್ರವೇಶ, ಹೇಳು ಎಂದು ಕೈಸನ್ನೆ ಮಾಡಿದ.

"ಇಂದಾಪುರ್ರಿ," ಎಂದ ಹುಡುಗ.

"ಹೆಸರು?"

"ಋಷಿಕೇಶ."

"ಒಳಗ ಬಾ. ತಳೇಗಾಂವದ ಬೋರ್ಡಿಗೆ ಹೆಸರು ಬರಸೋದದ, ನಿಂದ ಹ್ಯಾಂಗ ಬರೀತಾರ ಪೇಂಟರಗ ಹೇಳು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಿನ್ನ ಆಗೂ ಮಾವಗ ಬಂದು ನೋಡಂತ ಹೇಳು," ಎಂದರು. ನೀಲಿಮಾಳ ಸಂಗತಿ ಇವರಿಗೆ ಹೇಗೆ ಗೊತ್ತಾಯಿತು ಎಂದು ನಾನು ಅತ್ತೆಯ ಕಡೆ ತಿರುಗಿದೆ. ಭೀಮವ್ವ ಹಿಟ್ಟು ನಾದುತ್ತ, "ನಾ ರಾತ್ರಿನ ಹೇಳಿದ್ದೆ, ಆ ಹುಡುಗಗ ಒಂದ್ ಹುಡುಗಿ ಅದಾಳ, ಆಕಿ ಅಪ್ಪ ಕೆಲಸ ನೋಡಾಕ ಬರ್ತಾನ ಅಂತ. ಅಂವ ಯಾವೂರಾಂವ ಅನ್ನೂದ ಮಾತ್ರ ಹೇಳಲಿಲ್ಲ ಬಿಡು," ಎಂದರು. ಫೋನಿನಲ್ಲಿ ಅವನು ನೀಲಿಮಾಳ ಜೊತೆ ಆಡುವ ಮಾತು ಅತ್ತೆಯ ಕಿವಿಗೆ ಬೀಳದೆ ಇರುತ್ತದೆಯೇ.

ಅಷ್ಟಾದ ಮೇಲೆ ಯಾರೂ ಯಾರನ್ನೂ ರೈಲು ಹತ್ತಿಸಲಿಲ್ಲ. ಟೊಪ್ಪಿಗೆ ಕಿತ್ತವನು ಅದನ್ನು ತಂದು ರಾಮಪ್ರವೇಶನ ಕೈಗೆ ಕೊಟ್ಟ. ಸ್ಟಿಕರ್ ಅಂಟಿಸಬೇಕೋ ಬೇಡವೋ ಎಂದು ಸಮಿತಿಯಲ್ಲೇ ವಾದ ಶುರುವಾಯಿತು: ಒಬ್ಬ ಸ್ಥಾನಿಕ ಸಿಕ್ಕಿದ್ದಾನೆ, ಆದರೆ ಅವನು ಬಿಹಾರಿ ಎಂದು ಸೇರಿದವನು, ಒಬ್ಬ ಬಿಹಾರಿ ಸಿಕ್ಕಿದ್ದಾನೆ, ಆದರೆ ಅಧ್ಯಕ್ಷರ ತಾಯಿಯೇ ಅವನನ್ನು ನಮ್ಮವನು ಅನ್ನುತ್ತಾಳೆ. ವಾದ ಮುಗಿಯುವಂತೆ ಕಾಣಲಿಲ್ಲ. ಮಧ್ಯಾಹ್ನವಾಗಿತ್ತು. "ಬರ್ರಿ, ಉಂಡು ಜಗಳಾಡ್ರಿ," ಎಂದು ಎಲ್ಲರನ್ನೂ ಹಿಂದಿನ ಕೋಣೆಯಲ್ಲಿ ಸಾಲಾಗಿ ಕೂರಿಸಿ ಅನ್ನ, ಸಾರು ಬಡಿಸಿದೆ.

ಋಷಿಕೇಶ ತಟ್ಟೆ ಮುಟ್ಟಲಿಲ್ಲ. ನಮ್ಮವರು ಕೈಯಲ್ಲಿದ್ದ ತುತ್ತು ಬಿಟ್ಟು ಗಾಬರಿಯಾದರು.

"ಯಾಕೋ, ಮತ್ತ ಹೊಟ್ಟಿ ಬ್ಯಾನೇನು?"

"ಇಲ್ರಿ ಶೇಠ್. ಹೊಟ್ಟಿ ಆರಾಮ ಅದ," ಎಂದ ಋಷಿಕೇಶ, ಇಡೀ ಅಂಗಡಿಗೆ ಕೇಳುವಂತೆ. "ಇವತ್ತ ಏಕಾದಶಿ." ಆ ಗದ್ದಲದಲ್ಲಿ ನಾನೂ ಕ್ಯಾಲೆಂಡರು ನೋಡಿರಲಿಲ್ಲ.

ಅವನ ಪಕ್ಕದಲ್ಲಿ ಪ್ರಲ್ಹಾದರಾವ್ ಸಾರು ಹಾಕಿ ಕಲಸಿದ ಅನ್ನದ ದೊಡ್ಡ ತುತ್ತನ್ನು ಬಾಯಿಯವರೆಗೆ ಒಯ್ದಿದ್ದರು. ಅದು ಅಲ್ಲೇ ನಿಂತಿತು. ಅವರು ಮೆಲ್ಲಗೆ ತುತ್ತನ್ನು ತಟ್ಟೆಗಿಳಿಸಿ, ತಟ್ಟೆಯನ್ನು ರಾಮಪ್ರವೇಶನ ಕಡೆ ಸರಿಸಿ, ನನ್ನ ಮುಖ ನೋಡದೆ ಕೇಳಿದರು: "ವಹಿನಿ, ಸಾಬುದಾಣೆ ಇದೆಯೇ?"

ಇದೆ ಎನ್ನಲು ಬಾಯಿ ತೆರೆದೆ. ನಗು ಬಂದುಬಿಟ್ಟಿತು.